ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾ ಕಿಣ್ವಗಳು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಪದವಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಮನೆ ಕಡೆ ಸ್ವಲ್ಪ ಕಾಫಿ ತೋಟವೂ ಇದೆ. ಹಾಗಾಗಿ ನನಗೆ ಪ್ರಶ್ನೆಗಳು ಎರಡು ದಿಕ್ಕಿನಿಂದ ಬರುತ್ತವೆ. ಮಕ್ಕಳು ಪರೀಕ್ಷೆಗೆ ಕೇಳುತ್ತಾರೆ, ತೋಟದ ನೆರೆಹೊರೆಯವರು ಕಾಫಿ ತೊಟ್ಟಿ, ಫ್ರಿಜ್ಜು, ಸೋಪಿನ ಪುಡಿ ಅಂತ ಕೇಳುತ್ತಾರೆ. ಎರಡನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು, ಕಿಣ್ವ ಅಂದರೆ ಏನು?

ಜೀವಕೋಶದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನು. ಅನ್ನದ ತುತ್ತನ್ನು ನುಂಗದೆ ಅಗಿಯುತ್ತಲೇ ಇದ್ದರೆ ನಿಧಾನಕ್ಕೆ ಸಿಹಿಯಾಗುತ್ತದಲ್ಲ, ಅದು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತಿರುವ ರುಚಿ. ನೂರಾರು ಅಮೈನೊ ಆಮ್ಲಗಳ ಸರಪಳಿ ಮಡಚಿಕೊಂಡು ಉಂಡೆಯಾಗಿರುತ್ತದೆ. ಆ ಉಂಡೆಯ ಒಂದು ಕಡೆ ಸಣ್ಣ ಕುಳಿ. ಅದಕ್ಕೆ ಸಕ್ರಿಯ ತಾಣ ಎನ್ನುತ್ತಾರೆ, ಕೆಲಸ ನಡೆಯುವುದು ಅಲ್ಲೇ.

ಚಳಿಯಾದರೆ ಕಿಣ್ವಕ್ಕೇನು ಕಷ್ಟ?

ನಮ್ಮ ಊರಿನಲ್ಲಿ ಇದನ್ನು ವಿವರಿಸಲು ಪುಸ್ತಕ ಬೇಕಿಲ್ಲ. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ದೋಸೆ ಹಿಟ್ಟು ಕಲಸಿಟ್ಟವರಿಗೆಲ್ಲ ಗೊತ್ತು. ಮೈಸೂರಿನಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುವ ಹಿಟ್ಟು ಇಲ್ಲಿ ಇಟ್ಟ ಹಾಗೇ ಇರುತ್ತದೆ. (ಪಾಪುಟ್ಟು, ಕಡಂಬುಟ್ಟು, ನೂಲ್‌ಪುಟ್ಟು ಯಾವುದಕ್ಕೂ ಹಿಟ್ಟು ಹುಳಿ ಬರುವವರೆಗೆ ಕಾಯಬೇಕಿಲ್ಲ. ಅದಕ್ಕೆ ನಮ್ಮ ಚಳಿಯೇ ಕಾರಣ ಅಂತ ಹೇಳುವ ಧೈರ್ಯ ನನಗಿಲ್ಲ, ಆದರೆ ಮಳೆಗಾಲದ ಬೆಳಿಗ್ಗೆ ಹಾಗೆ ಅನ್ನಿಸುತ್ತದೆ.)

ಲೆಕ್ಕ ಹೀಗೆ. ಉಷ್ಣತೆಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಸೂತ್ರವಾಗಿ ಬರೆದ. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಇಳಿದರೆ ಕಿಣ್ವದ ವೇಗ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. 37 ಡಿಗ್ರಿಯಿಂದ 0 ಡಿಗ್ರಿಗೆ ಬರುವಾಗ ಈ ಇಳಿತ ಒಂದರ ಮೇಲೊಂದು ಸೇರಿ, ಹತ್ತು ಡಿಗ್ರಿಗೆ ಅರ್ಧವಾಗುವ ಕಿಣ್ವದ ವೇಗ 13ರಲ್ಲಿ ಒಂದು ಪಾಲಾಗುತ್ತದೆ, ಮೂರನೇ ಒಂದಾಗುವುದರ ವೇಗ 58ರಲ್ಲಿ ಒಂದು ಪಾಲು. ಸಾಲದ್ದಕ್ಕೆ ನೀರೂ ಮಂದವಾಗುತ್ತದೆ. 37 ಡಿಗ್ರಿಯ ನೀರಿಗಿಂತ 0 ಡಿಗ್ರಿಯ ನೀರು ಸುಮಾರು ಎರಡೂವರೆ ಪಟ್ಟು ಹೆಚ್ಚು ಸ್ನಿಗ್ಧ, ಹಾಗಾಗಿ ಅಣುಗಳು ಓಡಾಡುವುದೇ ತಡ.

ಹೀಗಿದ್ದೂ ಅಂಟಾರ್ಕ್ಟಿಕಾದ ಸುತ್ತ ಸೊನ್ನೆಗಿಂತ ಕೆಳಗಿನ ಉಪ್ಪುನೀರಿನಲ್ಲಿ ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ಬೆಳೆಯುತ್ತವೆ, ಎರಡಾಗುತ್ತವೆ. ಹೇಗೆ ಎನ್ನುವುದೇ ಈ ಪುಟದ ವಿಷಯ.

ಚಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಎಲ್ಲವೂ ಒಂದೇ ಜಾತಿಯೇ?

ಅಲ್ಲ. ಎರಡು ಗುಂಪು ಮಾಡುತ್ತಾರೆ. ಚಳಿಯೇ ಬೇಕು ಎನ್ನುವವು ಶೀತಪ್ರಿಯ, ಚಳಿಯಾದರೂ ಪರವಾಗಿಲ್ಲ ಎನ್ನುವವು ಶೀತಸಹಿಷ್ಣು. ಸೂಕ್ಷ್ಮಜೀವಿ ವಿಜ್ಞಾನಿ ರಿಚರ್ಡ್ ಮೊರಿಟಾ 1975ರಲ್ಲಿ ಎಳೆದ ಗೆರೆಯೇ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ: 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಚೆನ್ನಾಗಿ ಬೆಳೆದು, 20 ಡಿಗ್ರಿ ದಾಟಿದರೆ ಬೆಳೆಯದೆ, 0 ಡಿಗ್ರಿಯಲ್ಲೂ ಬೆಳೆಯುವಂಥದ್ದು ಶೀತಪ್ರಿಯ. ಅಲಾಸ್ಕಾದ ಸಮುದ್ರ ಮಂಜುಗಡ್ಡೆಯಲ್ಲಿ ಸಿಕ್ಕಿದ ಸೈಕ್ರೊಮೊನಾಸ್ ಇಂಗ್ರಹಾಮಿ ಮೈನಸ್ 12 ಡಿಗ್ರಿಯಲ್ಲಿ ಬೆಳೆಯುತ್ತದೆ, ಆದರೆ ಒಂದು ಕೋಶ ಎರಡಾಗಲು 240 ಗಂಟೆ, ಅಂದರೆ ಹತ್ತು ದಿನ. ಕೆನಡಾದ ಉತ್ತರ ತುದಿಯ ಹೆಪ್ಪುಗಟ್ಟಿದ ಮಣ್ಣಿನ ಪ್ಲಾನೊಕಾಕಸ್ ಹ್ಯಾಲೊಕ್ರಯೊಫಿಲಸ್ ಮೈನಸ್ 15ರಲ್ಲೂ ಬೆಳೆದಿದೆ.

ತಡಿಯಂಡಮೋಳ್ ಮೇಲೆ ಹುಡುಕಿದರೆ ಸಿಗುತ್ತವೆಯೇ?

ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಈ ಪ್ರಶ್ನೆ ಕೇಳುತ್ತಾನೆ, ನನಗೂ ಖುಷಿಯಾಗುತ್ತದೆ. ಕೊಡಗಿನ ಅತಿ ಎತ್ತರದ ಬೆಟ್ಟವಾದರೂ ತಡಿಯಂಡಮೋಳ್ 1,748 ಮೀಟರ್ ಅಷ್ಟೇ. ಜನವರಿಯ ಬೆಳಿಗ್ಗೆ ಹಲ್ಲು ಕಟಕಟ ಅಂದರೂ ಮಧ್ಯಾಹ್ನಕ್ಕೆ ಸ್ವೆಟರ್ ಬಿಚ್ಚಬೇಕಾಗುತ್ತದೆ. ವರ್ಷವಿಡೀ 15 ಡಿಗ್ರಿ ದಾಟದ ಜಾಗ ನಮ್ಮಲ್ಲಿಲ್ಲ, ಆದ್ದರಿಂದ ಅಪ್ಪಟ ಶೀತಪ್ರಿಯಗಳಿಗೆ ಇಲ್ಲಿ ಮನೆ ಇಲ್ಲ. ಶೀತಸಹಿಷ್ಣುಗಳು ಬೇಕಾದಷ್ಟಿವೆ: ತೊರೆಯ ನೀರಿನಲ್ಲಿ, ತೋಟದ ಮಣ್ಣಿನಲ್ಲಿ, ಎಲೆಗಳ ಮೇಲೆ. ಕೊಡಗಿನಲ್ಲಿ ಅವುಗಳಿಗೆ ಅತ್ಯಂತ ಅನುಕೂಲದ ಜಾಗ ಯಾವುದು ಅಂದರೆ ನಿಮ್ಮ ಅಡುಗೆಮನೆಯ ಫ್ರಿಜ್ಜು.

ಸರಿ, ಈ ಕಿಣ್ವಗಳ ರಚನೆಯಲ್ಲಿ ಅಂಥಾದ್ದೇನಿದೆ?

ಹೊಸದಾಗಿ ಸೇರಿಸಿದ್ದು ಏನೂ ಇಲ್ಲ. ಇದ್ದದ್ದನ್ನೇ ಸಡಿಲ ಮಾಡಿರುವುದು. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮಳೆಗಾಲದಲ್ಲಿ ನಮ್ಮ ಮನೆಗಳ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ನಿಮಗೆ ಗೊತ್ತು. ಹೆಗಲು ಕೊಟ್ಟು ನೂಕದಿದ್ದರೆ ತೆರೆಯುವುದಿಲ್ಲ. ಅದಕ್ಕೇ ಇಲ್ಲಿನ ಮಳೆ ಕಂಡ ಆಚಾರಿ ಬಾಗಿಲು ಕೂರಿಸುವಾಗಲೇ ಅಂಚನ್ನು ಸ್ವಲ್ಪ ಹೆಚ್ಚು ಕೀಸಿ ಸಂದು ಬಿಟ್ಟಿರುತ್ತಾನೆ. ಆ ಬಾಗಿಲು ಜುಲೈನಲ್ಲಿ ಸಲೀಸಾಗಿ ತೆರೆಯುತ್ತದೆ, ಮಾರ್ಚಿನಲ್ಲಿ ಗಾಳಿಗೆ ದಡಬಡ ಅನ್ನುತ್ತದೆ. ಕಿಣ್ವವೂ ಕೆಲಸ ಮಾಡುವಾಗ ಸ್ವಲ್ಪ ತೆರೆದು ಮುಚ್ಚಿ ಮಾಡಬೇಕು. ಚಳಿಯಲ್ಲಿ ಸಾಮಾನ್ಯ ಕಿಣ್ವ ಉಬ್ಬಿದ ಬಾಗಿಲಿನಂತೆ ಬಿಗಿದುಕೊಳ್ಳುತ್ತದೆ. ಚಳಿಗೆ ಒಗ್ಗಿದ ಕಿಣ್ವದಲ್ಲಿ ಮೊದಲೇ ಸಂದು ಇದೆ.

ಆ ಸಂದು ಎಲ್ಲೆಲ್ಲಿ? ಅಮೈನೊ ಆಮ್ಲಗಳ ಮಟ್ಟದಲ್ಲಿ ನೋಡೋಣ. ಪ್ರೋಲಿನ್ ಎಂಬ ಅಮೈನೊ ಆಮ್ಲಕ್ಕೆ ಉಂಗುರದ ಆಕಾರ, ಅದು ಕೂತ ಜಾಗದಲ್ಲಿ ಸರಪಳಿ ಸುಲಭಕ್ಕೆ ಬಳುಕುವುದಿಲ್ಲ. ಗ್ಲೈಸಿನ್‌ಗೆ ಪಕ್ಕದ ಕೊಂಬೆಯೇ ಇಲ್ಲ, ಎತ್ತ ಬೇಕಾದರೂ ತಿರುಗುತ್ತದೆ. ಚಳಿಗೆ ಒಗ್ಗಿದ ಕಿಣ್ವಗಳ (ಚಿಕ್ಕದಾಗಿ ಶೀತ ಕಿಣ್ವ ಎನ್ನೋಣ) ಕುಣಿಕೆಗಳಲ್ಲಿ, ಅಂದರೆ ಸರಪಳಿ ಬಾಗಿ ತಿರುಗುವ ಜಾಗಗಳಲ್ಲಿ, ಪ್ರೋಲಿನ್ ಕಡಿಮೆ, ಕೆಲವು ಆಯಕಟ್ಟಿನ ಜಾಗಗಳಲ್ಲಿ ಗ್ಲೈಸಿನ್ ಹೆಚ್ಚು. ಕುಣಿಕೆಗಳೂ ಅನೇಕ ಸಲ ಉದ್ದ. ಆರ್ಜಿನಿನ್ ಅಕ್ಕಪಕ್ಕದವುಗಳ ಜೊತೆ ಹಲವು ಬಂಧ ಕಟ್ಟಿಕೊಳ್ಳುತ್ತದೆ, ಅದರ ಜಾಗದಲ್ಲಿ ಇಲ್ಲಿ ಲೈಸಿನ್ ಕಾಣಿಸುತ್ತದೆ, ಅದರ ಬಂಧಗಳು ಕಡಿಮೆ. ಧನ ಮತ್ತು ಋಣ ವಿದ್ಯುದಂಶಗಳ ನಡುವಿನ ಲವಣ ಸೇತುವೆಗಳು, ಹೈಡ್ರೋಜನ್ ಬಂಧಗಳು, ಗಂಧಕದ ಕೊಂಡಿಗಳು ಒಂದೊಂದು ಕಿಣ್ವದಲ್ಲಿ ಒಂದೊಂದು ಪ್ರಮಾಣದಲ್ಲಿ ಕಡಿಮೆಯಾಗಿರುತ್ತವೆ. ನೀರಿಗೆ ಹೆದರಿ ಒಳಗೆ ಅಡಗುವ ಎಣ್ಣೆ ಸ್ವಭಾವದ ಅಮೈನೊ ಆಮ್ಲಗಳು ಒಳಗೆ ಅಷ್ಟು ಒತ್ತೊತ್ತಾಗಿಲ್ಲ, ಕೆಲವು ಹೊರಮೈಯಲ್ಲೇ ಉಳಿದಿರುತ್ತವೆ.

ಸಕ್ರಿಯ ತಾಣದ ಬಗ್ಗೆ ಮಾತ್ರ ಎಚ್ಚರಿಕೆಯಿಂದ ಕೇಳಿ, ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಕ್ರಿಯೆ ನಡೆಸುವ ಅಮೈನೊ ಆಮ್ಲಗಳು ಬದಲಾಗಿರುವುದಿಲ್ಲ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಲ್ಲೂ ಮಂಜಿನ ಬ್ಯಾಕ್ಟೀರಿಯಾದಲ್ಲೂ ಒಂದೇ ಕುಟುಂಬದ ಕಿಣ್ವಕ್ಕೆ ಅವು ಸಾಮಾನ್ಯವಾಗಿ ಒಂದೇ. ಬದಲಾಗುವುದು ಸುತ್ತಲಿನ ಗೋಡೆ. ಕುಳಿಯ ಬಾಯಿ ಅಗಲವಾಗುತ್ತದೆ, ಒಡೆಯಬೇಕಾದ ಅಣು ಸುಲಭವಾಗಿ ಒಳಬರುತ್ತದೆ, ಒಡೆದ ತುಂಡು ಸುಲಭವಾಗಿ ಹೊರಬೀಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಅಗಲ ಬಾಯಿಯ ಕುಳಿ ಅಣುವನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಇಂಥ ಅನೇಕ ಕಿಣ್ವಗಳ ಹಿಡಿತ ಅವುಗಳ ಬಿಸಿನಾಡಿನ ದಾಯಾದಿಗಳ ಹಿಡಿತಕ್ಕಿಂತ ದುರ್ಬಲ.

ಇದನ್ನೆಲ್ಲ ಯಾವ ಕಿಣ್ವ ನೋಡಿ ಕಂಡುಕೊಂಡರು?

ಹಲವು ಇವೆ, ಆದರೆ ಒಂದು ಕಥೆ ಸಾಕು. ಬೆಲ್ಜಿಯಂನ ಲಿಯೆಜ್ ವಿಶ್ವವಿದ್ಯಾಲಯದ ಷಾರ್ಲ್ ಗೆರ್ಡೆ, ಜಾರ್ಜ್ ಫೆಲ್ಲೆರ್ ಮತ್ತವರ ಜೊತೆಗಾರರು ಅಂಟಾರ್ಕ್ಟಿಕಾದ ಕಡಲಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರು. ಅದರಲ್ಲೊಂದು ಸ್ಯೂಡೋಆಲ್ಟೆರೊಮೊನಾಸ್ ಹ್ಯಾಲೊಪ್ಲಾಂಕ್ಟಿಸ್. ಅದರ ಅಮೈಲೇಸ್‌ನ ಹರಳು ರಚನೆ 1998ರಲ್ಲಿ ಪ್ರಕಟವಾಯಿತು. ಶೀತ ಕಿಣ್ವವೊಂದರ ಮೂರು ಆಯಾಮದ ಚಿತ್ರ ಸಿಕ್ಕಿದ ಮೊದಲ ಸಂದರ್ಭಗಳಲ್ಲಿ ಅದೂ ಒಂದು.

ಇದರ ಹತ್ತಿರದ ನೆಂಟ ಯಾರು ಅಂದರೆ ಕೊಡಗಿನವರು ನಗುತ್ತಾರೆ: ಹಂದಿಯ ಮೇದೋಜೀರಕ ಗ್ರಂಥಿಯ ಅಮೈಲೇಸ್. ಎರಡರ ಮಡಿಕೆಯೂ ಹೆಚ್ಚುಕಡಿಮೆ ಒಂದೇ, ಎರಡಕ್ಕೂ ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಬೇಕು. ಹಾಗಾಗಿ ಅಕ್ಕಪಕ್ಕ ಇಟ್ಟು ಹೋಲಿಸಲು ಹೇಳಿ ಮಾಡಿಸಿದ ಜೋಡಿ. ಬಿಸಿ ಮಾಡುತ್ತಾ ಹೋದಾಗ ಅಂಟಾರ್ಕ್ಟಿಕಾದ್ದು 44 ಡಿಗ್ರಿ ಆಸುಪಾಸಿನಲ್ಲಿ ಬಿಚ್ಚಿಕೊಂಡಿತು, ಹಂದಿಯದು 66ರ ಹತ್ತಿರ. ಬ್ಯಾಸಿಲಸ್ ಅಮೈಲೊಲಿಕ್ವಿಫೇಸಿಯೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಅಮೈಲೇಸ್ 86ರವರೆಗೆ ತಡೆಯಿತು. ಆದರೆ 10 ಡಿಗ್ರಿಯಲ್ಲಿ ವೇಗ ಅಳೆದರೆ ಸಾಲು ತಿರುಗುಮುರುಗು: ಅಂಟಾರ್ಕ್ಟಿಕಾದ್ದು ಹಂದಿಯದಕ್ಕಿಂತ ಸುಮಾರು ಮೂರು ಪಟ್ಟು ಚುರುಕು.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಸಾಮಾನ್ಯ ಕಿಣ್ವ ಬಿಸಿಗೆ ಕೆಲಸ ನಿಲ್ಲಿಸುವುದು ಅದರ ಇಡೀ ಉಂಡೆ ಬಿಚ್ಚಿಕೊಳ್ಳುವಾಗ. ಈ ಶೀತ ಅಮೈಲೇಸ್ ಹಾಗಲ್ಲ. ಉಂಡೆ ಇನ್ನೂ ಸರಿಯಾಗಿಯೇ ಇರುತ್ತದೆ, ಆದರೆ ಕೆಲಸ ಮೊದಲೇ ನಿಂತಿರುತ್ತದೆ. ಅಂದರೆ ಎಲ್ಲಕ್ಕಿಂತ ಸೂಕ್ಷ್ಮವಾದ, ಎಲ್ಲಕ್ಕಿಂತ ಮೊದಲು ಅಲುಗಾಡುವ ಜಾಗ ಆ ಸಕ್ರಿಯ ತಾಣವೇ. ಮನೆ ನಿಂತಿದೆ, ಬಾಗಿಲಿನ ತಿರುಗಣಿ ಕಳಚಿದೆ.

ಶಕ್ತಿಯ ಲೆಕ್ಕದಲ್ಲಿ ಇದನ್ನು ಹೇಗೆ ಹೇಳುವುದು? (ಎಂಎಸ್‌ಸಿ ಮಕ್ಕಳಿಗೆ)

ಕ್ರಿಯೆ ನಡೆಯಲು ಅಣು ಒಂದು ಗುಡ್ಡ ಹತ್ತಿ ಇಳಿಯಬೇಕು. ಗುಡ್ಡದ ಎತ್ತರಕ್ಕೆ ಎರಡು ಪಾಲು: ಬಂಧ ಮುರಿಯಲು ಬೇಕಾದ ಶಾಖ, ಮತ್ತು ಅಸ್ತವ್ಯಸ್ತವಾಗಿರುವುದು ಒಂದು ಕ್ರಮಕ್ಕೆ ಬರಲು ತೆರಬೇಕಾದ ಎಂಟ್ರೊಪಿ. ಶೀತ ಕಿಣ್ವ ಮೊದಲ ಪಾಲನ್ನು ತಗ್ಗಿಸುತ್ತದೆ, ಏಕೆಂದರೆ ಕ್ರಿಯೆಯ ಹೊತ್ತಿಗೆ ಮುರಿಯಬೇಕಾದ ದುರ್ಬಲ ಬಂಧಗಳೇ ಕಡಿಮೆ. ಹಾಗಾಗಿ ಉಷ್ಣತೆ ಇಳಿದರೂ ವೇಗ ಅಷ್ಟಾಗಿ ಕುಸಿಯುವುದಿಲ್ಲ. ಆದರೆ ಸಡಿಲ ಕುಳಿ ಕ್ರಮಕ್ಕೆ ಬರಬೇಕಾದ್ದರಿಂದ ಎಂಟ್ರೊಪಿಯ ಪಾಲು ಏರುತ್ತದೆ, ಗಳಿಸಿದ್ದರಲ್ಲಿ ಒಂದಷ್ಟು ಅಲ್ಲಿ ಸೋರಿಹೋಗುತ್ತದೆ. ಶೀತ ಕಿಣ್ವ 0 ಡಿಗ್ರಿಯಲ್ಲಿ ಮಾಡುವ ಕೆಲಸ ಸಾಮಾನ್ಯವಾಗಿ ನಮ್ಮ ಕಿಣ್ವ 37ರಲ್ಲಿ ಮಾಡುವುದರ ಮಟ್ಟಕ್ಕೆ ಬರದಿರುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಶೀತ ಕಿಣ್ವಗಳೂ ಇದೇ ದಾರಿ ಹಿಡಿದಿವೆಯೇ?

ಇಲ್ಲ. ಮೇಲಿನ ಪಟ್ಟಿಯನ್ನು ಬಾಯಿಪಾಠ ಮಾಡಿ ಎಲ್ಲ ಕಿಣ್ವಕ್ಕೂ ಅಂಟಿಸಬೇಡಿ. ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾವೊಂದರ ಸಿಟ್ರೇಟ್ ಸಿಂಥೇಸ್ ಎರಡು ತುಂಡು ಸೇರಿ ಆದ ಕಿಣ್ವ. ಅದರಲ್ಲಿ ಸಡಿಲಗೊಂಡಿದ್ದು ಮುಖ್ಯವಾಗಿ ಎರಡು ತುಂಡುಗಳು ಕೂಡುವ ಜಾಗ. ಪ್ರತಿ ತುಂಡಿನ ಒಳಗಿನ ವಿದ್ಯುತ್ ಬಂಧಗಳು ಕಡಿಮೆಯಾಗುವ ಬದಲು ಹೆಚ್ಚಾಗಿಯೇ ಕಂಡವು. ಸಂದು ಬಿಡಬೇಕು ಎನ್ನುವುದು ನಿಜ, ಎಲ್ಲಿ ಬಿಡಬೇಕು ಎನ್ನುವುದು ಆಯಾ ಆಚಾರಿಗೆ ಬಿಟ್ಟದ್ದು.

ಚಳಿಗೆ ಚುರುಕಾದದ್ದು ಬಿಸಿಗೆ ಬಾಳಲೇಬಾರದು ಎಂಬ ನಿಯಮ ಇದೆಯೇ?

ಬಹಳ ಕಾಲ ಹಾಗೆಂದೇ ಅಂದುಕೊಂಡಿದ್ದರು. ಅಮೆರಿಕದ ವಿಜ್ಞಾನಿ ಫ್ರಾನ್ಸೆಸ್ ಆರ್ನಾಲ್ಡ್ ಅವರ ಗುಂಪು 2000ದ ಹೊತ್ತಿಗೆ ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾವೊಂದರ ಸಬ್‌ಟಿಲಿಸಿನ್ ಎಂಬ, ಪ್ರೋಟೀನ್ ಒಡೆಯುವ ಕಿಣ್ವವನ್ನು ತೆಗೆದುಕೊಂಡು, ಜೀನಿನಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿ, ಒಳ್ಳೆಯದನ್ನು ಆರಿಸಿ, ಮತ್ತೆ ಬದಲಿಸಿ, ಮತ್ತೆ ಆರಿಸಿ ನೋಡಿತು. ಚಳಿಯಲ್ಲಿನ ಚುರುಕು ಕಳೆದುಕೊಳ್ಳದೆ ಬಿಸಿಗೂ ಹೆಚ್ಚು ತಡೆಯುವ ರೂಪ ಸಿಕ್ಕಿತು. ಕಿಣ್ವಗಳನ್ನು ಹೀಗೆ ಪ್ರಯೋಗಾಲಯದಲ್ಲೇ ವಿಕಾಸಗೊಳಿಸುವ ವಿಧಾನಕ್ಕಾಗಿ ಅವರಿಗೆ 2018ರ ರಸಾಯನಶಾಸ್ತ್ರ ನೊಬೆಲ್ ಬಂತು. ಹಾಗಾದರೆ ಪ್ರಕೃತಿ ಯಾಕೆ ಎರಡನ್ನೂ ಇಟ್ಟುಕೊಳ್ಳಲಿಲ್ಲ? ಸೊನ್ನೆ ಡಿಗ್ರಿಯ ನೀರಿನಲ್ಲಿ ಬಿಸಿ ತಡೆಯುವ ಗುಣವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಬಳಸದ ಗುಣ ತಲೆಮಾರು ಕಳೆದಂತೆ ಸವೆದುಹೋಗುತ್ತದೆ. ಭೌತಶಾಸ್ತ್ರದ ನಿಯಮಕ್ಕಿಂತ ಈ ಸವೆತವೇ ದೊಡ್ಡ ಕಾರಣ ಎನ್ನುವ ಪಕ್ಷ ನನ್ನದು. ಒಪ್ಪದವರೂ ಇದ್ದಾರೆ.

ಬ್ಯಾಕ್ಟೀರಿಯಾ ಬದುಕಲು ಕಿಣ್ವ ಒಂದು ಸಡಿಲವಾದರೆ ಸಾಕೇ?

ಸಾಲದು. ಡಿಸೆಂಬರಿನ ಬೆಳಿಗ್ಗೆ ಬಚ್ಚಲಿನಲ್ಲಿ ತೆಂಗಿನೆಣ್ಣೆ ಬಾಟಲಿ ಗಟ್ಟಿ, ಪಕ್ಕದ ಎಳ್ಳೆಣ್ಣೆ ನೀರಾಗಿರುತ್ತದೆ. ತೆಂಗಿನೆಣ್ಣೆಯಲ್ಲಿ ಹೆಚ್ಚಿನವು ಸಂತೃಪ್ತ ಕೊಬ್ಬಿನಾಮ್ಲ, ಎಳ್ಳೆಣ್ಣೆಯಲ್ಲಿ ಅಸಂತೃಪ್ತ. ಕೋಶದ ಪೊರೆಯೂ ಕೊಬ್ಬಿನದೇ. ಚಳಿಯಾದಾಗ ಬ್ಯಾಕ್ಟೀರಿಯಾ ಪೊರೆಯಲ್ಲಿ ಅಸಂತೃಪ್ತ ಕೊಬ್ಬಿನಾಮ್ಲ ಹೆಚ್ಚಿಸಿ ಅದು ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ, ಆ ಕೆಲಸಕ್ಕೂ ಕಿಣ್ವಗಳೇ ಬೇಕು. ಹೊಸ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನುಗಳೂ ಬೇಕು. 2003ರಲ್ಲಿ ಒಲೆಯಿಸ್ಪಿರಾ ಅಂಟಾರ್ಕ್ಟಿಕಾ ಎಂಬ ಬ್ಯಾಕ್ಟೀರಿಯಾದಿಂದ ಅಂಥ ನೆರವಿನ ಪ್ರೋಟೀನುಗಳ ಜೀನುಗಳನ್ನು ನಮ್ಮ ಕರುಳಿನ ಇ. ಕೋಲಿಗೆ ಹಾಕಿದಾಗ, ಸಾಮಾನ್ಯವಾಗಿ 7-8 ಡಿಗ್ರಿಯಲ್ಲಿ ಕೈಚೆಲ್ಲುವ ಇ. ಕೋಲಿ 4 ಡಿಗ್ರಿಯಲ್ಲೂ ಬೆಳೆಯಿತು.

ಫ್ರಿಜ್ಜಿನಲ್ಲಿಟ್ಟ ಹಾಲು ಯಾಕೆ ಕೆಡುತ್ತದೆ?

ಸ್ಯೂಡೊಮೊನಾಸ್ ಫ್ಲೋರೆಸೆನ್ಸ್‌ನಂಥ ಶೀತಸಹಿಷ್ಣುಗಳು 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತವೆ, ಕೊಬ್ಬು ಒಡೆಯುವ ಲೈಪೇಸ್, ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಹೊರಬಿಡುತ್ತವೆ. ಕಮಟು ವಾಸನೆ, ಕಹಿ ರುಚಿ ಅದರಿಂದಲೇ.

ಇಲ್ಲೊಂದು ವಿಚಿತ್ರ. ಮೇಲೆ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ, ಈ ಬ್ಯಾಕ್ಟೀರಿಯಾದ ಪ್ರೋಟಿಯೇಸ್ ಬಿಸಿಗೆ ಬಹಳ ಗಟ್ಟಿ. ಪಾಶ್ಚರೀಕರಣದಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಉಳಿಯುತ್ತದೆ. ತಿಂಗಳುಗಟ್ಟಲೆ ಇಡಬಹುದಾದ ಪೆಟ್ಟಿಗೆ ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಕಾಯಿಸುತ್ತಾರೆ, ಅಲ್ಲೂ ಒಂದಿಷ್ಟು ಉಳಿದು, ಆಮೇಲೆ ಹಾಲು ಲೋಳೆಯಂತೆ ಗಟ್ಟಿಯಾಗಲು ಕಾರಣವಾಗುತ್ತದೆ. ಚಳಿಯಲ್ಲಿ ಬೆಳೆಯುವ ಜೀವಿಯ ಪ್ರತಿ ಕಿಣ್ವವೂ ಶೀತ ಕಿಣ್ವ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕರೆದ ಹಾಲನ್ನು ತಡಮಾಡದೆ ತಣ್ಣಗೆ ಮಾಡಿ, ತಡಮಾಡದೆ ಕಾಯಿಸಬೇಕು ಎನ್ನುವುದು ಇದಕ್ಕೇ.

ಪುತ್ತರಿ ಹಬ್ಬಕ್ಕೆ ತಂದ ಪಂದಿ ಮಾಂಸ ಫ್ರೀಜರಿನಲ್ಲಿ ಎಷ್ಟು ದಿನವಾದರೂ ಇರುತ್ತದೆಯೇ?

ಮೈನಸ್ 18ರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಕಿಣ್ವಗಳು ಪೂರ್ತಿ ನಿಲ್ಲುವುದಿಲ್ಲ, ಗಾಳಿಯ ಆಮ್ಲಜನಕವೂ ಕೊಬ್ಬನ್ನು ಬಿಡುವುದಿಲ್ಲ. ಹಂದಿಯ ಕೊಬ್ಬು ಬೇಗ ಕಮಟಾಗುತ್ತದೆ, ತಿಂಗಳುಗಳು ಕಳೆದರೆ ರುಚಿ ಹೋಗಿರುತ್ತದೆ. ಕಾಚಂಪುಳಿ ಹಾಕಿಟ್ಟರೆ ಸ್ಯೂಡೊಮೊನಾಸ್‌ಗಳಿಗೆ ಹುಳಿ ಆಗಿಬರುವುದಿಲ್ಲ ನಿಜ, ಆದರೆ ಅದನ್ನೇ ನಂಬಿ ಮಾಂಸ ಹೊರಗಿಡಬೇಡಿ.

ಚಳಿ ಜಾಸ್ತಿಯಾದರೆ ಕಾಫಿ ತೊಟ್ಟಿಯಲ್ಲಿ ಲೋಳೆ ಬಿಡುವುದು ತಡ. ಶೀತ ಕಿಣ್ವ ಹಾಕಬಹುದೇ?

ತೋಟದವರ ಮೊದಲ ಪ್ರಶ್ನೆ ಇದೇ. ಪಲ್ಪರಿನಲ್ಲಿ ಸಿಪ್ಪೆ ತೆಗೆದ ಅರೇಬಿಕಾ ಬೀಜದ ಮೇಲಿನ ಲೋಳೆಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇದೆ. ಹಣ್ಣಿನದೇ ಕಿಣ್ವಗಳು, ತೊಟ್ಟಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಸೇರಿ ಅದನ್ನು ಕರಗಿಸುತ್ತವೆ. ಸಾಮಾನ್ಯವಾಗಿ 24ರಿಂದ 36 ಗಂಟೆ. ರಾತ್ರಿ ಹತ್ತು-ಹನ್ನೆರಡು ಡಿಗ್ರಿಗೆ ಇಳಿದರೆ ಇನ್ನೂ ಹೆಚ್ಚು. ಒಂದು ಜನವರಿಯಲ್ಲಿ ನಾನು ಗಡಿಯಾರ ನೋಡಿ ತೊಳೆಸಿಬಿಟ್ಟೆ, ಕೈಯಲ್ಲಿ ಹಿಡಿದು ನೋಡಲಿಲ್ಲ. ಲೋಳೆ ಪೂರ್ತಿ ಬಿಟ್ಟಿರಲಿಲ್ಲ, ಕಣದಲ್ಲಿ ಒಣಹಾಕಿದ ಒಳಸಿಪ್ಪೆ ಸಹಿತ ಬೀಜ, ಅಂದರೆ ಪಾರ್ಚ್‌ಮೆಂಟ್ ಒಂದಕ್ಕೊಂದು ಅಂಟಿಕೊಂಡು ಬಣ್ಣ ಕೆಟ್ಟಿತು. ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಏನೂ ಹೇಳಲಿಲ್ಲ, ನೋಡಿದ ನೋಟವೇ ಸಾಕಿತ್ತು. ಮುಷ್ಟಿಯಲ್ಲಿ ಹಿಂಡಿದಾಗ ಬೆಣಚುಕಲ್ಲಿನಂತೆ ಕರಕರ ಎನ್ನಬೇಕು, ಗಡಿಯಾರ ಆಮೇಲೆ.

ಪೇಟೆಯಲ್ಲಿ ಸಿಗುವ, ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಹೆಚ್ಚಾಗಿ ಆಸ್ಪರ್ಜಿಲಸ್ ಶಿಲೀಂಧ್ರದ್ದು, ಅದು ಚೆನ್ನಾಗಿ ಕೆಲಸ ಮಾಡುವುದು 40-50 ಡಿಗ್ರಿಯಲ್ಲಿ. ನಮ್ಮ ಜನವರಿ ರಾತ್ರಿಯಲ್ಲಿ ಹಾಕಿದರೂ ಅರೆನಿದ್ರೆಯಲ್ಲಿರುತ್ತದೆ. ಚಳಿಯಲ್ಲಿ ಕೆಲಸ ಮಾಡುವ ಪೆಕ್ಟಿನೇಸ್‌ಗಳನ್ನು ಹಣ್ಣಿನ ರಸ ಮತ್ತು ವೈನ್ ತಯಾರಿಕೆಗಾಗಿ ಸಂಶೋಧಕರು ಹುಡುಕಿದ್ದಾರೆ. ತೊಟ್ಟಿಗೆ ಅಂಥದ್ದು ಹಿಡಿಸಬಹುದು ಎಂದು ನನ್ನ ಲೆಕ್ಕ, ಆದರೆ ಲೋಳೆ ಬೇಗ ಬಿಟ್ಟ ಮಾತ್ರಕ್ಕೆ ಕಪ್ಪಿನಲ್ಲಿ ರುಚಿ ಅದೇ ಬರುತ್ತದೆ ಎನ್ನಲಾಗದು. ಸದ್ಯಕ್ಕೆ ತೊಟ್ಟಿಗೆ ಗೋಣಿ ಮುಚ್ಚಿ.

ತಣ್ಣೀರಿನಲ್ಲೇ ಕೊಳೆ ತೆಗೆಯುವ ಸೋಪಿನ ಪುಡಿಯಲ್ಲಿ ಇವೇ ಇರುತ್ತವೆಯೇ?

ಪ್ರೋಟಿಯೇಸ್, ಅಮೈಲೇಸ್, ಲೈಪೇಸ್ ಇರುತ್ತವೆ. ನೇರವಾಗಿ ಅಂಟಾರ್ಕ್ಟಿಕಾದಿಂದ ಬಂದವು ಅಂತಲ್ಲ, ಹೆಚ್ಚಾಗಿ ಬ್ಯಾಸಿಲಸ್‌ನ ಸಬ್‌ಟಿಲಿಸಿನ್‌ಗಳನ್ನೇ ತಣ್ಣೀರಿಗೆ ಒಗ್ಗುವಂತೆ ತಿದ್ದಿರುತ್ತಾರೆ. ನೀರು ಕಾಯಿಸುವ ಸೌದೆ, ಕರೆಂಟು ಉಳಿಯುತ್ತದೆ. ಒಂದು ಎಚ್ಚರಿಕೆ: ರೇಷ್ಮೆ ಮತ್ತು ಉಣ್ಣೆ ಎರಡೂ ಪ್ರೋಟೀನು. ರೇಷ್ಮೆಯ ಚೇಲೆಯನ್ನೋ ಮದುವೆ ಸೀರೆಯನ್ನೋ ಪ್ರೋಟಿಯೇಸ್ ಇರುವ ಪುಡಿಯಲ್ಲಿ ನೆನೆಹಾಕಿದರೆ ಕಿಣ್ವಕ್ಕೆ ಕಲೆ ಯಾವುದು, ಬಟ್ಟೆ ಯಾವುದು ಗೊತ್ತಾಗುವುದಿಲ್ಲ.

ಬೇರೆ ಉಪಯೋಗ?

ಪ್ರಯೋಗಾಲಯದಲ್ಲಿ ಇವುಗಳ ದೌರ್ಬಲ್ಯವೇ ಲಾಭ. ಡಿಎನ್‌ಎ ತುದಿಯ ಫಾಸ್ಫೇಟ್ ಕಳಚಲು ಅಂಟಾರ್ಕ್ಟಿಕ್ ಫಾಸ್ಫಟೇಸ್ ಬಳಸುತ್ತಾರೆ. ಕೆಲಸ ಮುಗಿದ ಮೇಲೆ 65 ಡಿಗ್ರಿಗೆ ಕೆಲವು ನಿಮಿಷ ಇಟ್ಟರೆ ಕಿಣ್ವದ ಕಥೆ ಮುಗಿಯಿತು, ತೊಳೆದು ತೆಗೆಯುವ ಗೋಜಿಲ್ಲ. ಬ್ರೆಡ್ಡಿನ ಹಿಟ್ಟಿಗೆ ಧಾನ್ಯದ ನಾರು ಒಡೆಯುವ ಶೀತ ಕ್ಸೈಲನೇಸ್ ಬಳಕೆಯಾಗಿದೆ. ಹೆಸರು ನೋಡಿ ಮೋಸಹೋಗಬೇಡಿ: ಕಾರ್ಖಾನೆಗಳಲ್ಲಿ ಪ್ರಸಿದ್ಧವಾದ ಕ್ಯಾಂಡಿಡಾ ಅಂಟಾರ್ಕ್ಟಿಕಾದ ಲೈಪೇಸ್ ಬಿ ಬ್ಯಾಕ್ಟೀರಿಯಾದ್ದಲ್ಲ, ಯೀಸ್ಟಿನದು, ಬಿಸಿಗೂ ಚೆನ್ನಾಗಿ ತಡೆಯುತ್ತದೆ.

ಭಾರತದಲ್ಲಿ ಈ ಕೆಲಸ ನಡೆದಿದೆಯೇ?

ನಡೆದಿದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ (ಸಿಸಿಎಂಬಿ) ಎಸ್. ಶಿವಾಜಿ ಮತ್ತವರ ಗುಂಪು ಅಂಟಾರ್ಕ್ಟಿಕಾದ ಮತ್ತು ಹಿಮಾಲಯದ ಹಿಮನದಿಗಳ ಬ್ಯಾಕ್ಟೀರಿಯಾಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿ ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಮೈತ್ರಿ ಸಂಶೋಧನಾ ನೆಲೆ ಇರುವ ಶಿರ್ಮಾಕರ್ ಓಯಸಿಸ್ ಅಂಥ ಮಾದರಿಗಳು ಸಿಕ್ಕ ಜಾಗಗಳಲ್ಲೊಂದು.

ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಇದೆಯೇ?

ಇದೆ. ಗಂಜಿ ತಿಳಿಯನ್ನು ಚೆನ್ನಾಗಿ ತೆಳ್ಳಗೆ ಮಾಡಿ ಮೂರು ಲೋಟಕ್ಕೆ ಹಾಕಿ. ಒಂದನ್ನು ಐಸ್ ನೀರಿನಲ್ಲಿಡಿ, ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಇನ್ನೊಂದನ್ನೂ ಅದೇ ಉಗುರುಬೆಚ್ಚಗಿನ ನೀರಿನಲ್ಲಿ. ಮೊದಲ ಎರಡಕ್ಕೆ ಒಂದೊಂದು ಚಮಚ ಜೊಲ್ಲು, ಮೂರನೆಯದಕ್ಕೆ ಕುದಿಸಿ ಆರಿಸಿದ ಜೊಲ್ಲು. (ಜೊಲ್ಲನ್ನೂ ಮೊದಲು ಆಯಾ ಲೋಟದ ಉಷ್ಣತೆಗೆ ತನ್ನಿ.) ಐದೈದು ನಿಮಿಷಕ್ಕೊಮ್ಮೆ ತಟ್ಟೆಯಲ್ಲಿ ಒಂದು ಹನಿ ತೆಗೆದು ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಸೋಕಿಸಿ. ಬೆಚ್ಚಗಿನದರಲ್ಲಿ ಕಪ್ಪುನೀಲಿ ಬಣ್ಣ ಬರುವುದು ಬೇಗ ನಿಲ್ಲುತ್ತದೆ, ಐಸಿನದರಲ್ಲಿ ಬಹಳ ಹೊತ್ತು ಬರುತ್ತಲೇ ಇರುತ್ತದೆ. ಆಮೇಲೆ ಐಸಿನ ಲೋಟವನ್ನು ತೆಗೆದು ಬೆಚ್ಚಗಿನ ನೀರಿಗೆ ಇಡಿ: ಸ್ವಲ್ಪ ಹೊತ್ತಿಗೆ ಅದೂ ಕೆಲಸ ಶುರುಮಾಡುತ್ತದೆ. ಕುದಿಸಿದ ಜೊಲ್ಲಿನ ಲೋಟ ಮಾತ್ರ ಸಂಜೆಯವರೆಗೆ ಕಾದರೂ ಕಪ್ಪುನೀಲಿಯೇ.